ಕಾರ್ಪೊವ್ಕಾ ದಂಡೆಯ ಮನೆ ಮತ್ತು ಮೂರು ಪುಸ್ತಕಗಳು

ಅಕ್ಟೋಬರ್ 23, 2024, ಬುಧವಾರ

1917ರಲ್ಲಿ ಇದೇ ದಿನ, ರಷ್ಯಾದ ಹಳೆಯ ಪಂಚಾಂಗದ ಪ್ರಕಾರ ಅಕ್ಟೋಬರ್ 10ರಂದು, ಆಗಿನ ರಾಜಧಾನಿ, ಇಂದಿನ ಸೇಂಟ್ ಪೀಟರ್ಸ್‌ಬರ್ಗ್ ಆದ ಪೆಟ್ರೊಗ್ರಾಡ್‌ನ ಕಾರ್ಪೊವ್ಕಾ ನದಿ ದಂಡೆಯ ಮನೆಯೊಂದರಲ್ಲಿ ಲೆನಿನ್ ನೇತೃತ್ವದ ಬೊಲ್ಷೆವಿಕ್ ಪಕ್ಷದ ಕೇಂದ್ರ ಸಮಿತಿ ಗುಟ್ಟಾಗಿ ಸೇರಿ ತಾತ್ಕಾಲಿಕ ಸರ್ಕಾರದ ವಿರುದ್ಧ ಸಶಸ್ತ್ರ ದಂಗೆಗೆ ತೀರ್ಮಾನಿಸಿತು. ಪರ ಹತ್ತು ಮತ, ವಿರುದ್ಧ ಎರಡು. ಆ ಮನೆ ನಿಕೊಲಾಯ್ ಸುಖಾನೊವ್‌ನದು. ಅವನು ಬೊಲ್ಷೆವಿಕರ ಎದುರಾಳಿ ಸಮಾಜವಾದಿಗಳಾದ ಮೆನ್ಷೆವಿಕ್ ಪಕ್ಷದ ಎಡ ಬಣದವನು, ಬೊಲ್ಷೆವಿಕರನ್ನು ಟೀಕಿಸುತ್ತಿದ್ದ ಪತ್ರಿಕೆಯ ಸಂಪಾದಕರಲ್ಲೊಬ್ಬ. ಹೆಂಡತಿ ಗಲೀನಾ ಫ್ಲಾಕ್ಸರ್ಮನ್ ಮಾತ್ರ ಬೊಲ್ಷೆವಿಕ್. ಕೆಲಸ ಮುಗಿಸಿಕೊಂಡು ರಾತ್ರಿ ಅಷ್ಟು ದೂರ ಬರುವ ಕಷ್ಟ ಬೇಡ ಎಂದು ಆಕೆ ಗಂಡನಿಗೆ ಅಕ್ಕರೆಯಿಂದಲೇ ಹೇಳಿದ್ದಳು. ಅವನು ಬರಲಿಲ್ಲ.

ಇದನ್ನು ನಮಗೆ ತಿಳಿಸುವವನು ಸುಖಾನೊವ್‌ನೇ. 1922–23ರಲ್ಲಿ ಏಳು ಸಂಪುಟಗಳಾಗಿ ಬಂದ ಅವನ ಕ್ರಾಂತಿಯ ಟಿಪ್ಪಣಿಗಳಲ್ಲಿ ಈ ರಾತ್ರಿಯ ಪುಟಗಳಿವೆ. ನನ್ನಲ್ಲಿರುವುದು ಜೋಯೆಲ್ ಕಾರ್ಮೈಕೆಲ್ 1955ರಲ್ಲಿ ಸಂಗ್ರಹಿಸಿ ಇಂಗ್ಲಿಷಿಗೆ ತಂದ ಪುಸ್ತಕ. ತಲೆಮರೆಸಿಕೊಂಡಿದ್ದ ಲೆನಿನ್ ಗಡ್ಡ ಬೋಳಿಸಿಕೊಂಡು ಕೃತಕ ಕೂದಲು ಧರಿಸಿ ಬಂದ. ಸಮಿತಿಯ ಇನ್ನೊಬ್ಬ ಸದಸ್ಯ ಝಿನೊವಿಯೆವ್ ಗಡ್ಡ ಬಿಟ್ಟು ತಲೆಗೂದಲು ತೆಗೆಸಿಕೊಂಡು ಬಂದ. ಬೆಳಗಿನ ಜಾವ ಮೂರರವರೆಗೆ ಚರ್ಚೆ ನಡೆಯಿತು. ತನ್ನದೇ ಮನೆಯಲ್ಲಿ ತನಗೇ ತಿಳಿಯದೆ ನಡೆದದ್ದನ್ನು ಬರೆಯುವಾಗಲೂ ಈ ಮನುಷ್ಯ ಕಹಿ ಕಾರಿಕೊಳ್ಳುವುದಿಲ್ಲ. ಅದಕ್ಕೇ ಅವನ ಮೇಲೆ ನನಗೆ ನಂಬಿಕೆ.

ಅದೇ ಸಭೆಯನ್ನು ಸಮಿತಿಯ ಸದಸ್ಯನಾಗಿದ್ದ ಟ್ರಾಟ್‌ಸ್ಕಿ ಒಳಗೆ ಕುಳಿತವನಾಗಿ ವರ್ಣಿಸುತ್ತಾನೆ. ದೇಶಭ್ರಷ್ಟನಾಗಿ ತುರ್ಕಿಯ ಪ್ರಿಂಕಿಪೊ ದ್ವೀಪದಲ್ಲಿದ್ದಾಗ ಅವನು ಬರೆದ ರಷ್ಯಾದ ಕ್ರಾಂತಿಯ ಇತಿಹಾಸದಲ್ಲಿ ಒಂದು ವಿವರ ಬರುತ್ತದೆ: ಮಕ್ಕಳ ಚೌಕಳಿ ನೋಟುಪುಸ್ತಕದ ಹಾಳೆಯ ಮೇಲೆ, ತುದಿ ಕಚ್ಚಿದ ಪೆನ್ಸಿಲ್ಲಿನಿಂದ ಲೆನಿನ್ ದಂಗೆಯ ಗೊತ್ತುವಳಿಯನ್ನು ಅವಸರದಲ್ಲಿ ಗೀಚಿದ. ಎಂಥ ಬರಹಗಾರ! ಆದರೆ ಅವನ ಪುಸ್ತಕದಲ್ಲಿ ಆಗಬೇಕಾದದ್ದೇ ಆಗುತ್ತಾ ಹೋಗುತ್ತದೆ. ಗೆದ್ದ ಪಕ್ಷದವನ ತರ್ಕ ಅದು, ಕೊನೆಗೆ ಅವನು ಆ ಪಕ್ಷದಿಂದಲೇ ಹೊರಬಿದ್ದಿದ್ದರೂ. ಸುಖಾನೊವ್‌ನಲ್ಲಿ ಬೇರೆ ರೀತಿಯೂ ಆಗಬಹುದಿತ್ತು ಎಂಬ ಸಂಕಟ ಪ್ರತಿ ಅಧ್ಯಾಯದಲ್ಲೂ ಇದೆ. ದಂಗೆಯ ಹೊತ್ತಿಗೆ ಸೇರಿದ ಸೋವಿಯತ್‌ಗಳ, ಅಂದರೆ ಕಾರ್ಮಿಕರ ಮತ್ತು ಸೈನಿಕರ ಮಂಡಳಿಗಳ, ಮಹಾಧಿವೇಶನದಿಂದ ಮೆನ್ಷೆವಿಕರು ಎದ್ದು ಹೊರನಡೆದದ್ದು ಬೊಲ್ಷೆವಿಕರ ಕೈಗೆ ಎಲ್ಲವನ್ನೂ ಒಪ್ಪಿಸಿಬಿಟ್ಟಿತು ಎನ್ನುತ್ತಾನೆ. ಗುಂಪನ್ನು ಬಿಟ್ಟು ತಾನು ಅಲ್ಲೇ ಉಳಿಯದಿದ್ದದ್ದನ್ನು ಅಳಿಸಲಾಗದ ಅಪರಾಧವೆಂದು ಕರೆದುಕೊಳ್ಳುತ್ತಾನೆ.

ಕಣ್ಣೂ ಅವನದು ಸೂಕ್ಷ್ಮ. ಲೆನಿನ್ ಹೊರದೇಶದಿಂದ ಮರಳಿದ ಏಪ್ರಿಲ್ 3ರ (ಹಳೆಯ ಪಂಚಾಂಗ) ರಾತ್ರಿ ಪೆಟ್ರೊಗ್ರಾಡ್‌ನ ಫಿನ್ಲೆಂಡ್ ನಿಲ್ದಾಣದ ರಾಜಮನೆತನದ ಕೋಣೆಯಲ್ಲಿ ಪೆಟ್ರೊಗ್ರಾಡ್ ಸೋವಿಯತ್‌ನ ಅಧ್ಯಕ್ಷ ಚ್ಖೆಯಿದ್ಜೆ ಸ್ವಾಗತ ಭಾಷಣ ಮಾಡುತ್ತಿದ್ದರೆ, ಲೆನಿನ್ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸುತ್ತಲಿನವರನ್ನು ನೋಡುತ್ತಾನೆ, ಚಾವಣಿ ನೋಡುತ್ತಾನೆ, ತನಗೆ ಒಂದಿಷ್ಟೂ ಒಪ್ಪದ ಹೂಗುಚ್ಛವನ್ನು ಸರಿಪಡಿಸಿಕೊಳ್ಳುತ್ತಾನೆ. ಆಮೇಲೆ ಬಂದ ಎಷ್ಟೋ ಇತಿಹಾಸಕಾರರು ಈ ದೃಶ್ಯಕ್ಕೆ ಇವನ ಮೊರೆ ಹೊಕ್ಕಿದ್ದಾರೆ.

ಮೂರನೆಯದು ಅಮೆರಿಕದ ಪತ್ರಕರ್ತ ಜಾನ್ ರೀಡ್‌ನ ಪುಸ್ತಕ, ಜಗತ್ತನ್ನು ನಡುಗಿಸಿದ ಹತ್ತು ದಿನಗಳದು. 1919ರಲ್ಲಿ ಬಂತು, ಲೆನಿನ್ ಮುನ್ನುಡಿ ಬರೆದ. ನಮ್ಮಲ್ಲಿ ಅನೇಕರು ಅದನ್ನು ಕಂಡದ್ದು ಮಾಸ್ಕೋದಿಂದ ಬರುತ್ತಿದ್ದ ಅಗ್ಗದ ಬೆಲೆಯ ಪುಸ್ತಕಗಳ ನಡುವೆ. ಅದರ ಬಿಸಿ ಇನ್ನೂ ಆರಿಲ್ಲ, ಅಷ್ಟು ಹೇಳಿದರೆ ಸಾಕು.

ಈ ಮೂರನ್ನೂ ಒಟ್ಟಿಗೆ ಓದಿದಾಗ ಕಣ್ಣಿಗೆ ರಾಚುವುದು ಸ್ಟಾಲಿನ್ ಇಲ್ಲದಿರುವುದು. ಕಾರ್ಪೊವ್ಕಾದ ಸಭೆಯಲ್ಲಿ ಅವನೂ ಇದ್ದ, ದಂಗೆಯ ಪರ ಮತ ಹಾಕಿದ. ಆದರೂ ರೀಡ್‌ನಲ್ಲಿ ಅವನು ಪಟ್ಟಿ ಮತ್ತು ಸಹಿಗಳಲ್ಲಿ ಬರುವ ಒಂದು ಹೆಸರು ಅಷ್ಟೇ. ಸುಖಾನೊವ್‌ಗೆ ಅವನು ಆಗೊಮ್ಮೆ ಈಗೊಮ್ಮೆ ಮಸುಕಾಗಿ ಮಿನುಗಿ ಮರೆಯಾಗುವ ಬೂದು ಕಲೆ. ಟ್ರಾಟ್‌ಸ್ಕಿಯ ಪುಸ್ತಕದಲ್ಲಿ ಲೆನಿನ್ ಬರುವ ಮೊದಲು, ಮಾರ್ಚ್ ತಿಂಗಳಲ್ಲಿ, ದಾರಿ ತಿಳಿಯದೆ ತಡವರಿಸಿದವನು. 1938ರಲ್ಲಿ ಪಕ್ಷವೇ ತನ್ನ ಚರಿತ್ರೆಯ ಕಿರುಪಠ್ಯವನ್ನು ಹೊರತಂದು ದೇಶವಿಡೀ ಓದಿಸಿತು. ಅದರಲ್ಲಿ ಲೆನಿನ್‌ನ ಪಕ್ಕ ಸ್ಟಾಲಿನ್ ಎದ್ದು ನಿಂತಿದ್ದಾನೆ, ಟ್ರಾಟ್‌ಸ್ಕಿ ದ್ರೋಹಿಯಾಗಿದ್ದಾನೆ. ಕ್ರೆಮ್ಲಿನ್ ಗೋಡೆಯ ಬಳಿ ಸಮಾಧಿಯಾದ ರೀಡ್‌ನ ಪುಸ್ತಕ ಮಾತ್ರ ಅಂಗಡಿಗಳಿಗೆ ಮರಳಿದ್ದು ಸ್ಟಾಲಿನ್ ಸತ್ತ ಮೇಲೆ.

ವಿರುದ್ಧ ಮತ ಹಾಕಿದ್ದ ಝಿನೊವಿಯೆವ್ ಮತ್ತು ಕಾಮೆನೆವ್‌ರನ್ನು 1936ರಲ್ಲೇ ಕೊಂದಿದ್ದರು. ಸುಖಾನೊವ್ 1931ರ ಮೆನ್ಷೆವಿಕ್ ಮೊಕದ್ದಮೆಯಲ್ಲಿ ಹತ್ತು ವರ್ಷದ ಶಿಕ್ಷೆಗೆ ಗುರಿಯಾದ, ಆಮೇಲೆ ಸೈಬೀರಿಯಾಕ್ಕೆ ಗಡಿಪಾರಾದ, 1940ರ ಜೂನ್‌ನಲ್ಲಿ ಓಮ್ಸ್ಕ್‌ನಲ್ಲಿ ಗುಂಡಿಗೆ ಬಲಿಯಾದ. ಆಗಸ್ಟ್‌ನಲ್ಲಿ ಮೆಕ್ಸಿಕೊದಲ್ಲಿ ಟ್ರಾಟ್‌ಸ್ಕಿಯ ಕೊಲೆಯಾಯಿತು. ಒಂದೇ ಬೇಸಿಗೆಯಲ್ಲಿ 1917ರ ಇಬ್ಬರು ಮಹಾನ್ ಚರಿತ್ರೆಕಾರರು ಹೋದರು.

ಸುಖಾನೊವ್‌ನನ್ನು ಕನ್ನಡದಲ್ಲಿ ಓದುವ ಆಸೆ ನನಗಿದೆ. ಏಳೂ ಸಂಪುಟ ಬೇಡ, ಫೆಬ್ರವರಿ ಕ್ರಾಂತಿಯ ಮೊದಲ ವಾರ, ಲೆನಿನ್ ಬಂದಿಳಿದ ರಾತ್ರಿ ಮತ್ತು ಈ ಕಾರ್ಪೊವ್ಕಾ ಪುಟಗಳಷ್ಟು ಬಂದರೂ ಸಾಕು. ರಷ್ಯನ್ ಬಲ್ಲವರು ಯಾರಾದರೂ ಕೈಹಾಕುವುದಾದರೆ ಕರಡು ಓದಿ ತಿದ್ದುವ ಕೆಲಸ ನನ್ನದು.