ಮನುಷ್ಯನಾದವನು ಮಗ ಮಾತ್ರ

ಬೀದರಿನ ಮಂಗಲಪೇಟೆಯಲ್ಲಿ ಮನೆಮನೆಗೆ ಕ್ರಿಸ್‌ಮಸ್ ನಕ್ಷತ್ರ ತೂಗುಬಿದ್ದಿವೆ. ಚಳಿಯೂ ಜೋರು. ಪಕ್ಕದ ಮನೆಯ ಹುಡುಗ ಕೇಳಿದ: "ಯಣ್ಣಾ, ದೇವ್ರೇ ಕೂಸಾಗಿ ಹುಟ್ಟಿದ್ರ ಮ್ಯಾಲ ಯಾರಿದ್ರು?" ಎಷ್ಟು ಒಳ್ಳೆಯ ಪ್ರಶ್ನೆ ಅಲ್ವಾ!

ಕ್ರೈಸ್ತ ನಂಬಿಕೆಯಲ್ಲಿ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು. ಆದರೆ ಮನುಷ್ಯನಾಗಿ, ಯೇಸುವಾಗಿ ಹುಟ್ಟಿದ್ದು ಮಗ ಮಾತ್ರ. ತಂದೆ ಕಳುಹಿಸಿದ. ಪವಿತ್ರಾತ್ಮನಿಂದ ಮರಿಯಳು ಗರ್ಭ ಧರಿಸಿದಳು. ಹಾಗಾಗಿ ಆ ಕೆಲಸ ಮೂವರದೂ ಹೌದು. ಮಗ ತನ್ನ ದೇವರತನವನ್ನು ಕಳಚಿಟ್ಟು ಬರಲಿಲ್ಲ. ಗೋದಲಿಯಲ್ಲಿ ಮಲಗಿದ್ದಾಗಲೂ ಲೋಕವನ್ನು ಹಿಡಿದು ನಿಲ್ಲಿಸಿದವನು ಅವನೇ. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಚರ್ಚ್ ಹಿರಿಯರ ಸಭೆ ಅವನನ್ನು ಪೂರ್ತಿ ದೇವರು ಎಂದಿತು. 451ರ ಕಾಲ್ಸೆಡನ್ ಸಭೆ ಪೂರ್ತಿ ದೇವರು, ಪೂರ್ತಿ ಮನುಷ್ಯ, ಆದರೂ ಒಬ್ಬನೇ ವ್ಯಕ್ತಿ ಎಂದು ಹೇಳಿತು.

ನನ್ನನ್ನು ಜಾಸ್ತಿ ತಟ್ಟುವುದು ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಮಾಡಿದ ಗೆತ್ಸೆಮನೆ ತೋಟದ ಪ್ರಾರ್ಥನೆ. ಯೇಸು ಅಲ್ಲಿ ಸುಮ್ನೆ ತನ್ನ ಜೊತೆ ತಾನೇ ಮಾತಾಡಿಕೊಳ್ಳಲಿಲ್ಲ. ತಂದೆಯನ್ನು ಕರೆದ. ಜಗತ್ತು ಹುಟ್ಟುವ ಮೊದಲೇ ತಂದೆ-ಮಗನ ನಡುವೆ ಇದ್ದ ಪ್ರೀತಿ, ಆ ರಾತ್ರಿ ಒಬ್ಬ ಮನುಷ್ಯನ ಬೆವರಲ್ಲಿ, ಸಂಕಟದಲ್ಲಿ, ನಮ್ಮಂಥದ್ದೇ ದನಿಯಲ್ಲಿ ಮಾತಾಡಿತು. ನನಗೆ ತ್ರಿಯೇಕ ದೇವರು ಹತ್ತಿರವಾದದ್ದು ಇಲ್ಲೇ.