ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ: ಮಗುವಿನ ಮಾತು ತಡವಾಗುತ್ತಾ?

ಕಾರವಾರದಲ್ಲಿ ಚಿಕ್ಕ ಮಕ್ಕಳ ಮಾತು, ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಮದುವೆಮನೆಯಲ್ಲಿ ಸಿಕ್ಕರೂ ಮೀನುಪೇಟೆಯಲ್ಲಿ ಸಿಕ್ಕರೂ ಜನ ಕೇಳುವುದು ಇದನ್ನೇ: "ಮೇಡಂ, ಮನೇಲಿ ಕೊಂಕಣಿ, ಅಂಗನವಾಡೀಲಿ ಕನ್ನಡ, ನೇವಿ ಕ್ವಾರ್ಟರ್ಸ್ ಮಕ್ಕಳ ಜೊತೆ ಹಿಂದಿ. ಮಗು ಗಲಿಬಿಲಿಯಾಗಿ ಮಾತೇ ತಡ ಆಗೂದಿಲ್ವಾ?"

ಆಗುವುದಿಲ್ಲ. ಎರಡು-ಮೂರು ಭಾಷೆ ಕಿವಿಗೆ ಬಿದ್ದ ಮಾತ್ರಕ್ಕೆ ಯಾವ ಮಗುವಿನ ಮಾತೂ ಹಿಂದೆ ಬೀಳುವುದಿಲ್ಲ.

ಹೊಟ್ಟೆಯಲ್ಲಿರುವಾಗಲೇ, ಕೊನೆಯ ಮೂರು ತಿಂಗಳಲ್ಲಿ, ಅಮ್ಮನ ದನಿಯ ಏರಿಳಿತ ಮಗುವಿಗೆ ಕೇಳಿಸುತ್ತಿರುತ್ತದೆ. ಹುಟ್ಟಿದ ಮೇಲಂತೂ ಕಿವಿಯ ಕೆಲಸ ಬಲು ಚುರುಕು. 1984ರಲ್ಲಿ ಕೆನಡಾದ ಸಂಶೋಧಕರಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್, ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ 'ತ' ಮತ್ತು 'ಟ' ಕೇಳಿಸಿ ನೋಡಿದರು. ಇಂಗ್ಲಿಷ್ ದೊಡ್ಡವರಿಗೆ ಈ ವ್ಯತ್ಯಾಸ ಹಿಡಿಯುವುದೇ ಕಷ್ಟ. 6ರಿಂದ 8 ತಿಂಗಳ ಕೂಸುಗಳು ಅದನ್ನು ಸುಲಭವಾಗಿ ಹಿಡಿದವು. 10ರಿಂದ 12 ತಿಂಗಳ ಹೊತ್ತಿಗೆ ಹೆಚ್ಚಿನವಕ್ಕೆ ಅದು ತಪ್ಪಿಹೋಗಿತ್ತು. ಮನೆಯಲ್ಲಿ ಯಾರೂ ಆಡದ ವ್ಯತ್ಯಾಸವನ್ನು ಕಿವಿ ಕೈಬಿಡುತ್ತದೆ, ಆಡುವುದನ್ನು ಗಟ್ಟಿಮಾಡಿಕೊಳ್ಳುತ್ತದೆ. ನಮ್ಮ ಕಡೆಯ ಮಗುವಿಗೆ ಕೊಂಕಣಿಯ ಎರಡು ಬಗೆಯ 'ಚ'ವೂ ಮೂಗಿನ ಸ್ವರಗಳೂ ದಿನಾ ಬೇಕು, ಕನ್ನಡದ ಳ-ಲ ಕೂಡ ಬೇಕು. ಎಲ್ಲವನ್ನೂ ಇಟ್ಟುಕೊಳ್ಳುತ್ತದೆ.

ತಾಯಂದಿರು ಎಡವುವುದು ಲೆಕ್ಕದಲ್ಲಿ. ಬೈತಖೋಲದ ಕಡೆಯ ಒಬ್ಬರು ಮಗನ ಮಾತುಗಳನ್ನೆಲ್ಲ ಬರೆದ ನೋಟ್‌ಬುಕ್ ತಂದಿದ್ದರು, ಬರೀ ಕನ್ನಡದ್ದು. ಅಷ್ಟರಲ್ಲಿ ಹುಡುಗ ಅಜ್ಜಿಯ ಸೆರಗು ಜಗ್ಗಿ "ಉದಾಕ್" ಅಂದ, ಕೊಂಕಣಿಯಲ್ಲಿ ನೀರು. ಅದು ಪಟ್ಟಿಯಲ್ಲಿ ಇರಲಿಲ್ಲ! ಎರಡೂ ಭಾಷೆಯ ಪದಗಳನ್ನು ಕೂಡಿಸಿ ಬರೆದಾಗ ಅವನ ವಯಸ್ಸಿಗೆ ಸಾಕಷ್ಟು ಮಾತಿತ್ತು. ಇನ್ನು ಒಂದೇ ವಾಕ್ಯದಲ್ಲಿ ಅರ್ಧ ಕೊಂಕಣಿ, ಅರ್ಧ ಕನ್ನಡ ಬೆರೆಸುವುದು ಗಲಿಬಿಲಿಯಲ್ಲ. ಪೇಟೆಯಲ್ಲಿ ಬಂಗಡೆಗೆ ಚೌಕಾಶಿ ಮಾಡುವಾಗ ನಾವೆಲ್ಲ ಮಾತಾಡುವುದು ಹೇಗೆ ಮತ್ತೆ?

ನನಗೆ ಸಿಟ್ಟು ಬರುವುದು "ಒಂದೇ ಭಾಷೆ ಮಾತಾಡಿ, ಇಂಗ್ಲಿಷ್ ಆದರೆ ಒಳ್ಳೆಯದು" ಎಂದು ಹೇಳಿ ಕಳಿಸುವವರ ಮೇಲೆ. ಆ ಮಾತು ನಂಬಿದ ಮನೆಯಲ್ಲಿ ಅಜ್ಜಿ ಬಾಯಿ ಮುಚ್ಚಿಕೊಳ್ಳುತ್ತಾಳೆ, ಅಮ್ಮ "ಕಮ್, ಸಿಟ್, ಈಟ್" ಎಂಬ ಮೂರು ಪದಕ್ಕೆ ಇಳಿಯುತ್ತಾಳೆ. ದಿನವಿಡೀ ಹರಟುತ್ತಿದ್ದ ಮನೆ ಮೂಕವಾಗುತ್ತದೆ, ಆ ಜಾಗಕ್ಕೆ ಮೊಬೈಲ್ ಬರುತ್ತದೆ. 2003ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧಕಿ ಪೆಟ್ರೀಷಿಯಾ ಕುಲ್ ತಂಡದ ಪ್ರಯೋಗದಲ್ಲಿ, ಚೀನೀ ಮಾತಾಡುವವರು ಎದುರು ಕೂತು ಆಟವಾಡಿಸಿದ 9 ತಿಂಗಳ ಅಮೆರಿಕನ್ ಕೂಸುಗಳು ಆ ಭಾಷೆಯ ದನಿಗಳನ್ನು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತನ್ನು ಟಿವಿಯಲ್ಲಿ ನೋಡಿದ ಬೇರೆ ಕೂಸುಗಳು ಕಲಿಯಲಿಲ್ಲ. ನಿಮ್ಮ ಬಾಯಿಗೆ ಸಲೀಸಾದ ಭಾಷೆಯಲ್ಲೇ ಮಾತಾಡಿ. ಮೀಯಿಸುವಾಗ, ಉಣಿಸುವಾಗ, ಕೂಸು "ಆ" ಅಂದರೆ ನೀವೂ "ಹೌದೇನೋ?" ಅನ್ನಿ, ಅದರ ಸರದಿಗೆ ಕಾಯಿರಿ.

ಮಾತು ನಿಜಕ್ಕೂ ತಡವಾಗಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು, ಮೊದಲು ಕಿವಿಯಲ್ಲಿ. ಕಿವಿ ಕೇಳಿಸದ ಮಗುವೂ ಮೊದಲ ಕೆಲವು ತಿಂಗಳು ಕೂಗು ಹಾಕುತ್ತದೆ, ನಗುತ್ತದೆ. ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಹತ್ತು-ಹನ್ನೆರಡು ತಿಂಗಳಾದರೂ "ಬಾಬಾಬಾ", "ದಾದಾದಾ" ಎಂಬ ತೊದಲು ಇಲ್ಲದಿದ್ದರೆ, ಒಂದೂವರೆ ವರ್ಷಕ್ಕೂ ಒಂದು ಪದ ಬಾರದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಜೋಡಿಸದಿದ್ದರೆ "ಇವನ ಅಪ್ಪನೂ ತಡವಾಗೇ ಮಾತಾಡಿದ್ದು" ಎಂದು ಕೂರಬೇಡಿ. ಕಿವಿ ಕೇಳಿಸುತ್ತದೆಯೇ ಎಂದು ನೋಡುವ ಓಎಇ ಎಂಬ ಪರೀಕ್ಷೆಯನ್ನು ಮಗು ನಿದ್ದೆಯಲ್ಲಿರುವಾಗಲೇ ಕಿವಿಗೆ ಸಣ್ಣ ಪ್ರೋಬ್ ಇಟ್ಟು ಮಾಡಬಹುದು. ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಹುಟ್ಟಿದ ಮೊದಲ ತಿಂಗಳಲ್ಲೇ ಮಾಡಿಸಿಬಿಟ್ಟರೆ ಇನ್ನೂ ಒಳ್ಳೆಯದು.