ಕರಿಯ ಮೆಟ್ಟಿಲು ಇಳಿದ ದಿನ

ಡಾಕ್ಟರ್ ನಮ್ಮ ನಾಯಿ ಕರಿಯನ ಮುಖದ ಮುಂದೆ ಹತ್ತಿಯ ಉಂಡೆಯೊಂದನ್ನು ಮೇಲಿನಿಂದ ಬಿಟ್ಟರು. ಹತ್ತಿ ಬಿದ್ದರೆ ಸದ್ದಿಲ್ಲ, ಕಣ್ಣಿದ್ದ ನಾಯಿ ಮಾತ್ರ ಅದರತ್ತ ತಿರುಗುತ್ತದೆ. ಇವನು ತಿರುಗಲಿಲ್ಲ. ಕಣ್ಣಿನೊಳಗೆ ಬೆಳಕು ಹಿಡಿಯುವ ಪದರ, ಅಂದರೆ ರೆಟಿನಾ, ನಿಧಾನವಾಗಿ ಸವೆಯುವ ಕಾಯಿಲೆ, ವಂಶದಿಂದ ಬರುವುದು, ನೋವಿಲ್ಲ, ವಾಸಿ ಮಾಡುವ ಔಷಧಿಯೂ ಇಲ್ಲ ಎಂದರು. ಮೊದಲು ಹೋಗುವುದು ರಾತ್ರಿಯ ದೃಷ್ಟಿಯಂತೆ. ಕತ್ತಲಾದ ಮೇಲೆ ಹೊರಗೆ ಬಾ ಅಂದರೆ ಬಾಗಿಲಲ್ಲೇ ಕೂತುಬಿಡುತ್ತಿದ್ದ, ಅದಕ್ಕೇ ಇರಬೇಕು.

ಮನೆಯೊಳಗೆ ಅಷ್ಟೇನೂ ಕಷ್ಟವಾಗಲಿಲ್ಲ. ಕುರ್ಚಿ, ಮಂಚ, ನೀರಿನ ಬಟ್ಟಲು ಎಲ್ಲಾ ಇದ್ದಲ್ಲೇ ಇದ್ದರೆ ಸಾಕು, ಉಳಿದದ್ದನ್ನು ಮೂಗು ನೋಡಿಕೊಳ್ಳುತ್ತದೆ. ಮೆಟ್ಟಿಲೇ ದೊಡ್ಡ ತಲೆನೋವು. ಅಮ್ಮ "ಪಾಪ, ನಾನೇ ಎತ್ಕೊಂಡು ಹೋಗ್ತೀನಿ ಬಿಡು" ಅಂದಳು. ಎತ್ತಿಕೊಂಡು ಓಡಾಡಿದರೆ ಎಲ್ಲಿದ್ದೇನೆ ಅನ್ನೋ ಲೆಕ್ಕವೇ ಅವನಿಗೆ ತಪ್ಪುತ್ತದೆ ಅಂತ ಡಾಕ್ಟರ್ ಹೇಳಿದ್ದರು. ಅಮ್ಮನನ್ನು ಒಪ್ಪಿಸೋದೇ ಕರಿಯನಿಗೆ ಕಲಿಸೋದಕ್ಕಿಂತ ಜಾಸ್ತಿ ಕೆಲಸ ಆಯಿತು.

ಭಾನುವಾರ ಬೆಳಿಗ್ಗೆ ಮೆಟ್ಟಿಲಿನ ಮೇಲೂ ಕೆಳಗೂ ಒಂದೊಂದು ಒರಟು ಮ್ಯಾಟ್ ಹಾಸಿದೆ. ಕಾಲಿಗೆ ಮ್ಯಾಟ್ ತಾಗಿದರೆ ಮೆಟ್ಟಿಲು ಬಂತು ಅಂತ ಅರ್ಥ. ಎದೆಪಟ್ಟಿ ಕಟ್ಟಿ, ಪಕ್ಕದಲ್ಲಿ ನಿಂತೆ. ಹತ್ತೋದು ಬೇಗ ಬಂತು. ಇಳಿಯೋದಕ್ಕೆ ಮಾತ್ರ ಮೈಯೆಲ್ಲಾ ನಡುಕ. ಮುಂಗಾಲು ಚಾಚಿ ಮೆಟ್ಟಿಲಿನ ಅಂಚನ್ನು ತಟ್ಟಿ ನೋಡುವುದು, ಹಿಂದಕ್ಕೆ ಎಳೆದುಕೊಳ್ಳುವುದು, ಮತ್ತೆ ತಟ್ಟುವುದು. ನಾನು ಎಳೆಯಲಿಲ್ಲ. ಕೆಳಗಿನ ಮೆಟ್ಟಿಲಿನ ಮೇಲೆ ತಿಂಡಿಯ ಚೂರು ಇಟ್ಟು "ಇಳಿ" ಅಂದು ಕಾದೆ. ಮೂಗು ಕೆಳಗೆ ಬಂತು, ಅದರ ಹಿಂದೆ ಕಾಲು, ಆಮೇಲೆ ಇಡೀ ನಾಯಿ.

ಕೊನೆಗೆ ಬಂದಾಗ ಇನ್ನೊಂದು ತೊಂದರೆ. ನೆಲ ಮುಟ್ಟಿದ ಮೇಲೂ ಇಲ್ಲದ ಮೆಟ್ಟಿಲಿಗಾಗಿ ಕಾಲು ಎತ್ತಿ ಎತ್ತಿ ಇಡುತ್ತಿದ್ದ. ಮುಗಿಯಿತು ಅಂತ ತಿಳಿಸೋಕೆ "ಆಯ್ತು" ಅನ್ನೋದನ್ನು ಕಲಿಸಿದೆ. ಸಂಜೆಯೊಳಗೆ ಚೆನ್ನಾಗಿ ಹಿಡಿದುಕೊಂಡ.

ಆದರೆ ನಮ್ಮಮ್ಮ ಫೋನಲ್ಲಿ ನಿಮಿಷಕ್ಕೆ ಹತ್ತು ಸಲ "ಆಯ್ತು, ಆಯ್ತು" ಅನ್ನುವವಳು! ನಡು ಮೆಟ್ಟಿಲಲ್ಲಿದ್ದ ಕರಿಯ ಅದನ್ನು ಕೇಳಿ, ನೆಲ ಬಂತೆಂದು ಧೈರ್ಯವಾಗಿ ಕಾಲಿಟ್ಟ. ಎದೆಪಟ್ಟಿ ಕೈಯಲ್ಲಿತ್ತು, ಬಚಾವಾದ. ಈಗ ಹೇಳೋದು "ನೆಲ". ಅದನ್ನು ಫೋನಲ್ಲಿ ಯಾರೂ ಸುಮ್ನೆ ಅನ್ನೋದಿಲ್ಲ, ಅಲ್ವಾ?